ಪಕ್ಕಕ್ಕೆ ನಿಲ್ಲಿಸಿದ ಗಾಡಿ

ಹಳೇ ಕಾರು ಮೇಲ್ಸೇತುವೆಯ ನಡುಮಧ್ಯದಲ್ಲಿ ಕೆಮ್ಮಿ ಕನಲಿ ನಿಂತುಹೋದ ದಿನ ಹಿಂದಿನ ಸೀಟಿನಲ್ಲಿ ಅತ್ತೆ ಇದ್ದರು. ಸೊಂಟದ ಕೀಲು ಬದಲಾಯಿಸಿಕೊಂಡು ಆಸ್ಪತ್ರೆಯಿಂದ ಬಂದು ಹೆಚ್ಚು ದಿನವಾಗಿರಲಿಲ್ಲ. ಹಿಂದೆ ಲಾರಿಗಳು ಒಂದೇ ಸಮ ಹಾರ್ನ್ ಬಾರಿಸುತ್ತಿದ್ದರೆ ಅತ್ತೆ ತಮ್ಮ ವಾಕರನ್ನು ಎದೆಗೆ ಅವಚಿಕೊಂಡು, "ಇದು ನನಗಿಂತ ಮುದಿಯಾಗಿದೆ ಕಣಮ್ಮಾ. ಮೊದಲು ಇದನ್ನ ಆಸ್ಪತ್ರೆಗೆ ಸೇರಿಸು" ಎಂದಿದ್ದರು. ಅವತ್ತೇ ಸೊಸೆ ತೀರ್ಮಾನ ಮಾಡಿದಳು. ಬೇರೆ ಕಾರು ಬೇಕು. ಹೊಸದಕ್ಕೆ ಕೈ ಎಟುಕದು, ಬಳಸಿದ್ದೇ ಆಗಲಿ. ಆದರೆ ತಾನು ನೋಡಿ, ತಾನು ಓಡಿಸಿ, ತಾನೇ ಆರಿಸಿದ್ದಾಗಬೇಕು.

ಆ 'ತಾನೇ' ಎಂಬ ಮಾತಿನ ಹಿಂದೆ ಹಳೆಯದೊಂದು ಸಿಟ್ಟಿತ್ತು. ಅವಳಿಗೊಬ್ಬ ಅಣ್ಣ. ಅವಳ ಬದುಕಿನ ದೊಡ್ಡ ತೀರ್ಮಾನಗಳನ್ನೆಲ್ಲ ಅವಳಿಗಿಂತ ಮೊದಲೇ ಮಾಡಿ ಮುಗಿಸುವ ಅಣ್ಣ. ಚಿತ್ರಕಲೆ ಓದುತ್ತೇನೆ ಎಂದರೆ, "ಹಲ್ಲು ಮಾಡೋ ಕೋರ್ಸಿಗೆ ಸೇರಿಸಿ ಬಂದಿದ್ದೀನಿ, ಅಲ್ಲೂ ಬಣ್ಣ ಹಚ್ಚೋ ಕೆಲಸವೇ" ಎಂದಿದ್ದ. ಮದುವೆಯ ಮಾತು ಬಂದಾಗ ಅವಳು ಬಾಯಿ ತೆರೆಯುವುದರೊಳಗೆ, "ಹುಡುಗನ ಹತ್ರ ಮಾತಾಡಿ ಆಯ್ತು, ಚಿನ್ನದಂಥವನು" ಎಂದಿದ್ದ. ಎರಡೂ ಕೆಟ್ಟದ್ದಾಗಲಿಲ್ಲ. ಅವಳು ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ಒಳ್ಳೆಯ ಹೆಸರು ತೆಗೆದುಕೊಂಡಳು, ಗಂಡನೂ ಸಾಧು. ಅದೇ ದೊಡ್ಡ ಕಿರಿಕಿರಿ. ಕೆಟ್ಟದ್ದಾಗಿದ್ದರೆ ಬೈಯುವುದಕ್ಕಾದರೂ ದಾರಿ ಇರುತ್ತಿತ್ತು. ಈಗ ತಲೆಗೂದಲು ನೆರೆಯುತ್ತಿದ್ದರೂ ಅಣ್ಣನ ಬಾಯಲ್ಲಿ ಅವಳಿನ್ನೂ 'ಪುಟ್ಟಿ'.

ಅಣ್ಣನದು ಹಳೇ ಕಾರುಗಳ ವ್ಯಾಪಾರ. ಹೆದ್ದಾರಿಯ ಮಗ್ಗುಲಲ್ಲಿ ಉದ್ದನೆಯ ತಗಡಿನ ಚಪ್ಪರ, ಮೂಲೆಯಲ್ಲಿ ಗಾಜಿನ ಕ್ಯಾಬಿನ್, ಮೈ ತೊಳೆಸಿಕೊಂಡು ಸಾಲಾಗಿ ನಿಂತ ಗಾಡಿಗಳು. ಅಲ್ಲಿಗೆ ಹೋಗಲು ಅವಳಿಗೆ ಸುತರಾಂ ಇಷ್ಟವಿರಲಿಲ್ಲ. ಗಂಡನೇ, "ಮನೆಯವರೇ ಅಂಗಡಿ ಇಟ್ಕೊಂಡಿರುವಾಗ ಹೊರಗಿನವರ ಹತ್ರ ಹೋಗಿ ಯಾಕೆ ಟೋಪಿ ಹಾಕಿಸ್ಕೋಬೇಕು?" ಎಂದ. ಗಂಡ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಮೈದಾನದಲ್ಲಿ ಅವನು ಸೀಟಿ ಊದಿದರೆ ಇಡೀ ಶಾಲೆ ಗೆರೆ ಕೊರೆದಂತೆ ನಿಲ್ಲುತ್ತಿತ್ತು. ಮನೆಯ ಹೊಸ್ತಿಲು ದಾಟಿದರೆ ಆ ದನಿ ಎಲ್ಲಿ ಅಡಗುತ್ತಿತ್ತೋ, ಯಾರ ಮಾತಿಗೂ ಎದುರಾಡದೆ "ಹಾಗೇ ಆಗ್ಲಿ ಬಿಡು" ಅನ್ನುವ ಮನುಷ್ಯ.

ಅವಳು ಹೋದವಳೇ ಮೊದಲು ಕರಾರು ಹಾಕಿದಳು. "ಅಣ್ಣಾ, ನೀನು ಮಧ್ಯೆ ಬಾಯಿ ಹಾಕಬಾರದು."

"ಅಯ್ಯೋ ಪುಟ್ಟಿ, ನಿನ್ನ ಗಾಡಿ, ನಿನ್ನ ಇಷ್ಟ." ಅಣ್ಣ ಎರಡೂ ಕೈ ಮೇಲೆತ್ತಿದ. "ನಿಮ್ಮ ಮನೆಗೆ ಹೊಂದೋದು ಎರಡಿವೆ. ಎರಡೂ ಪೆಟ್ರೋಲು. ಊರೊಳಗೆ ಓಡಾಡೋರಿಗೆ ಡೀಸೆಲ್ ಬೇಡ. ಎರಡರಲ್ಲಿ ಯಾವುದಾದ್ರೂ ಎತ್ಕೊಂಡು ಹೋಗು, ನಾನು ತುಟಿ ಪಿಟಕ್ ಅನ್ನಲ್ಲ."

ಎರಡೂ ಅಕ್ಕಪಕ್ಕ ನಿಂತಿದ್ದವು. ಒಂದು ಕಂದು ಬಣ್ಣದ್ದು. ಎತ್ತರ, ಚೌಕ, ಚಕ್ರ ಕಟ್ಟಿದ ಬ್ರೆಡ್ಡಿನ ಡಬ್ಬಿಯಂತೆ ಕಾಣುತ್ತಿತ್ತು. ಏರು ಬಂದರೆ ಏದುಸಿರು ಬಿಡುತ್ತಿತ್ತು. ಇನ್ನೊಂದು ಬೆಳ್ಳಿ ಬಣ್ಣದ್ದು. ಉದ್ದ, ತಗ್ಗು, ನುಣುಪು. ನೀರಿನ ಮೇಲೆ ಎಲೆ ತೇಲಿದ ಹಾಗೆ ಓಡುತ್ತಿತ್ತು. ಸ್ಟೀರಿಂಗ್ ಹಿಡಿದ ಮೊದಲ ದಿನವೇ ಅವಳ ಮನಸ್ಸು ಬೆಳ್ಳಿಯದಕ್ಕೆ ಒಲಿಯಿತು. ಆದರೆ ಮನಸ್ಸು ಒಲಿದ ಮಾತ್ರಕ್ಕೆ ಒಪ್ಪುವವಳಲ್ಲ ಅವಳು. ಲ್ಯಾಬಿನಲ್ಲೂ ಹಾಗೇ. ಹಲ್ಲಿನ ಸೆಟ್ಟು ಮೇಲಿನದೂ ಕೆಳಗಿನದೂ ಸರಿಯಾಗಿ ಕಚ್ಚಿ ಕೂರುವ ತನಕ ಅರ ಹಿಡಿದು ಉಜ್ಜುತ್ತಲೇ ಇರುತ್ತಿದ್ದಳು.

ಹಾಗಾಗಿ ಕೆಲಸ ಮುಗಿಸಿ ಸಂಜೆ ಸಂಜೆ ಅಲ್ಲಿಗೆ ಹೋದಳು. ಎರಡನ್ನೂ ಸಂದಿಗೊಂದಿಯಲ್ಲಿ ತಿರುಗಿಸಿದಳು, ಮಾಲ್‌ನ ನೆಲಮಾಳಿಗೆಯ ಇಳಿಜಾರಿನಲ್ಲಿ ಹತ್ತಿಸಿದಳು, ಡಿಕ್ಕಿಯಲ್ಲಿ ವಾಕರನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿದಳು. ಅತ್ತೆಯನ್ನೂ ಕರೆದುಕೊಂಡು ಹೋದಳು. ಕಂದು ಗಾಡಿಗೆ ಅತ್ತೆ ಕುರ್ಚಿಯಲ್ಲಿ ಕೂತಂತೆ ಕೂತರು. ಬೆಳ್ಳಿಯದರಲ್ಲಿ ಕೂರುವುದೆಂದರೆ ನೆಲದ ಮೇಲೆ ಕುಕ್ಕರಿಸಿದ ಹಾಗೆ. ಏಳುವಾಗ ಸೊಸೆ ಒಂದು ಕಡೆ, ಮಗ ಒಂದು ಕಡೆ ಹಿಡಿದು, ಬಾವಿಯಿಂದ ಕೊಡ ಸೇದಿದಂತೆ ಸೇದಬೇಕಾಯಿತು. ಅತ್ತೆಯ ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಆದರೂ, "ನಿನ್ನ ಮನಸ್ಸಿಗೆ ಇದು ಬಂದಿದ್ರೆ ಇದೇ ಆಗ್ಲಿ ಕಣಮ್ಮಾ. ನಾನು ಹೆಂಗೋ ರೂಢಿ ಮಾಡ್ಕೋತೀನಿ" ಎಂದರು. ಇನ್ನೊಂದು ಸಂಜೆ ದಿಂಬು ಇಟ್ಟು ನೋಡಿದರು. ಮತ್ತೊಂದು ಸಂಜೆ ಮುಂದಿನ ಸೀಟನ್ನು ಹಿಂದಕ್ಕೆ ಎಳೆದು ನೋಡಿದರು. ಪ್ರತಿಸಲವೂ ಅತ್ತೆ ಹಲ್ಲುಕಚ್ಚಿ ಇಳಿದರು, ಹಲ್ಲುಕಚ್ಚಿ ಎದ್ದರು.

ಈ ದಿನಗಳಲ್ಲಿ ಗಂಡನದೊಂದು ವಿಚಿತ್ರ. ಅವಳು ಕಂದು ಗಾಡಿಯನ್ನು ಹೊಗಳಿದರೆ ಅವನ ಮುಖ ಅರಳಿ, ಕೇಳದೆಯೇ ಟೀ ಮಾಡಿ ತರುತ್ತಿದ್ದ. ಬೆಳ್ಳಿಯದರ ಮಾತೆತ್ತಿದರೆ, "ಇನ್ನೊಂದ್ಸಲ ಯೋಚನೆ ಮಾಡು" ಎನ್ನುತ್ತಿದ್ದ. ಅಣ್ಣನಂತೂ "ನಾನು ಬಾಯಿ ಹಾಕಲ್ಲಪ್ಪ" ಎನ್ನುತ್ತಲೇ, ಬೆಳ್ಳಿ ಗಾಡಿಗೆ ಬಿಡಿಭಾಗ ಸಿಗುವುದು ಕಷ್ಟ, ಹೊಟ್ಟೆ ನೆಲಕ್ಕೆ ತಾಗುತ್ತದೆ ಎಂದೆಲ್ಲ ಗಾಳಿಗೆ ಹೇಳುವವನಂತೆ ಹೇಳುತ್ತಿದ್ದ.

ಕೊನೆಗೆ ಅವಳು ಕಂದು ಗಾಡಿಗೇ ಬಂದು ನಿಂತಳು. ಅತ್ತೆಯ ಸೊಂಟಕ್ಕಿಂತ ತನ್ನ ಆಸೆ ದೊಡ್ಡದಲ್ಲ ಎಂದುಕೊಂಡಳು. ಬೆಳ್ಳಿಯದನ್ನು ಬಿಟ್ಟುಕೊಟ್ಟದ್ದಕ್ಕೆ ಒಳಗೊಳಗೇ ತನ್ನ ಬೆನ್ನು ತಾನೇ ತಟ್ಟಿಕೊಂಡಳು ಕೂಡ. ಯಾರಿಗೂ ಹೇಳದೆ, ಮರುದಿನ ಊಟದ ಬಿಡುವಿನಲ್ಲಿ, ಲ್ಯಾಬಿನ ಬಿಳಿ ಕೋಟಿನಲ್ಲೇ ಅಣ್ಣನ ಅಂಗಡಿಗೆ ಹೋದಳು.

ಅಣ್ಣ ಹೊರಗೆ ಹೋಗಿದ್ದ. ಕೆಲಸಗಾರನೊಬ್ಬ ಕಂದು ಗಾಡಿಯ ಬಾನೆಟ್ಟಿಗೆ ಪಾಲಿಶ್ ತಿಕ್ಕುತ್ತಿದ್ದ. ಬೆಳಗಿನ ಪಾಳಿಯವನು, ಅವಳು ಅವನನ್ನು ನೋಡಿರಲಿಲ್ಲ, ಅವನೂ ಅವಳನ್ನು ನೋಡಿರಲಿಲ್ಲ.

"ಇದು ಹೋಗಿದೆ ಮೇಡಂ, ಬೇರೆ ನೋಡಿ" ಎಂದ ತಲೆಯೆತ್ತದೆ.

"ಹೋಗಿದೆ ಅಂದ್ರೆ? ಯಾರಿಗೆ?"

"ನಮ್ಮ ಯಜಮಾನ್ರ ತಂಗಿ ಮನೆಗೆ. ತಂಗಿ ಗಂಡ ಬಂದು ಅಡ್ವಾನ್ಸ್ ಕೊಟ್ಟು ಎಷ್ಟೋ ದಿನ ಆಯ್ತು."

ಒಂದು ಕ್ಷಣ ಅವಳಿಗೆ ಆ ತಂಗಿ ಬೇರೆ ಯಾರೋ ಅನ್ನಿಸಿತು. "ಹಾಗಾದ್ರೆ ಪಕ್ಕದ್ದು?"

ಅವನು ಬಟ್ಟೆ ಹೆಗಲಿಗೆಸೆದು ನಕ್ಕ. "ಅದು ಮಾರಾಟಕ್ಕೇ ಇಲ್ಲ ಮೇಡಂ. ಕಣ್ಣಿನ ಡಾಕ್ಟರಮ್ಮನ ಗಾಡಿ. ಅವರು ಮಗಳ ಮನೆಗೆ ಹೋಗಿದ್ದಾರೆ, ಬರೋ ತನಕ ನೆರಳಲ್ಲಿ ಇಟ್ಟಿರಿ ಅಂತ ಬಿಟ್ಟಿದ್ದಾರೆ. ಯಜಮಾನ್ರ ತಂಗಿಗೆ ಏನಿದ್ರೂ ತಾನೇ ಆರಿಸ್ಬೇಕಂತೆ. ಒಂದೇ ತೋರಿಸಿದ್ರೆ ಮೂಗು ಮುರೀತಾರಂತೆ. ಅದಕ್ಕೆ ಡಾಕ್ಟರಮ್ಮನದನ್ನ ಪಕ್ಕಕ್ಕೆ ನಿಲ್ಲಿಸಿದ್ದು. ಪಾಪ, ಆಯಮ್ಮ ದಿನಾ ಸಂಜೆ ಬಂದು ಎರಡನ್ನೂ ಓಡಿಸಿ ಓಡಿಸಿ ತಲೆ ಕೆಡಿಸ್ಕೋತಾರಂತೆ. ನಮ್ಮ ಸಂಜೆ ಪಾಳಿಯವರು ಹೇಳ್ಕೊಂಡು ನಗ್ತಿರ್ತಾರೆ."

ಅವಳಿಗೆ ಮೊದಲು ಬಂದದ್ದು ನಾಚಿಕೆ. ಕಿವಿಯವರೆಗೂ ಬಿಸಿಯೇರಿತು. ದಿಂಬು ಹಿಡಿದುಕೊಂಡು ಬಂದದ್ದು, ಬಗ್ಗಿ ಗಾಡಿಯ ಹೊಟ್ಟೆ ನೋಡಿದ್ದು, ಅಣ್ಣನ ಮುಂದೆ ನಿಂತು ಎರಡರ ಗುಣದೋಷ ಒಂದೊಂದಾಗಿ ಹೇಳಿದ್ದು ಎಲ್ಲ ಕಣ್ಣಮುಂದೆ ಬಂತು. ಅವನು ಗಲ್ಲದ ಮೇಲೆ ಕೈಯಿಟ್ಟು ಎಷ್ಟು ಗಂಭೀರವಾಗಿ ಕೇಳಿಸಿಕೊಂಡಿದ್ದ! ಆ ನಾಚಿಕೆ ಅಲ್ಲೇ ಕುದಿದು ಸಿಟ್ಟಾಯಿತು. ಅವಳು ಕ್ಯಾಬಿನ್ನಿನೊಳಗೆ ಹೋಗಿ ಅಣ್ಣನ ಕುರ್ಚಿಯಲ್ಲೇ ಕೂತಳು.

ಅಣ್ಣ ಬಂದ. ತಂಗಿಯ ಮುಖ ನೋಡಿದ. ಗಾಜಿನಾಚೆ ಪಾಲಿಶಿನವನನ್ನು ನೋಡಿದ. ಅವನಿಗೆ ಎಲ್ಲ ತಿಳಿದುಹೋಯಿತು.

"ನೋಡು ಪುಟ್ಟಿ..."

"ಡಾಕ್ಟರಮ್ಮನ ಗಾಡಿ ಅಂತಲ್ಲ ಅದು? ಕಂದು ಗಾಡೀನೇ ಆಗ್ಲಿ ಅಂತ ಹೇಳೋಕೆ ಬಂದ್ರೆ ಇದು ಕೇಳಿಸ್ತು ನನಗೆ!"

"ಕೂಗಾಡಬೇಡ, ಗಿರಾಕಿಗಳಿದ್ದಾರೆ. ನಿನ್ನ ಒಳ್ಳೇದಕ್ಕೇ ಮಾಡಿದ್ದು. ಕಂದು ಗಾಡಿ ಒಬ್ಬರ ಕೈಯಲ್ಲೇ ಇದ್ದದ್ದು, ಕಣ್ಣುಮುಚ್ಚಿ ತಗೋಬಹುದು. ನಿನಗೆ ನೇರವಾಗಿ ಹೇಳಿದ್ರೆ ನಾನು ಹೇಳಿದೆ ಅನ್ನೋ ಒಂದೇ ಕಾರಣಕ್ಕೆ ಬೇಡ ಅಂತಿದ್ದೆ. ಹೌದೋ ಅಲ್ವೋ?"

"ಅದು ನನ್ನ ಇಷ್ಟ."

"ಈಗ ಏನಾಯ್ತು? ನೀನೇ ತಾನೆ ಅದನ್ನ ಆರಿಸಿದ್ದು? ನಾವು ಆರಿಸಿದ್ದೇ ನೀನೂ ಆರಿಸಿದೆ. ಎಲ್ಲರಿಗೂ ಸಮಾಧಾನ ಆಯ್ತಲ್ಲ!"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅಣ್ಣ ಸುಳ್ಳು ಹೇಳುತ್ತಿರಲಿಲ್ಲ. ಗಾಡಿ ಒಳ್ಳೆಯದೇ. ಅವಳು ಆರಿಸಿದ್ದೂ ನಿಜವೇ. ಆ ನಿಜವನ್ನೇ ಅವನು ಚಮಚದಲ್ಲಿ ತುಂಬಿಕೊಂಡು ಮಗುವಿನ ಮೂಗು ಹಿಡಿದು ಔಷಧಿ ಕುಡಿಸುವವನಂತೆ ನಿಂತಿದ್ದ.

"ಅಲ್ಲ ಅಣ್ಣಾ, ನಾನು ಬೆಳ್ಳಿಯದೇ ಬೇಕು ಅಂದಿದ್ರೆ ಏನು ಮಾಡ್ತಿದ್ದೆ?"

"ಯಾರೋ ಮುಂಗಡ ಕೊಟ್ಟು ಹೋದ್ರು, ಕೈ ತಪ್ಪಿಹೋಯ್ತು ಅಂತಿದ್ದೆ" ಎಂದ ಅವನು, ಅದರಲ್ಲೇನು ದೊಡ್ಡ ಮಾತು ಎಂಬಂತೆ.

ಅವಳು ಎದ್ದಳು. "ನನ್ನ ಗಂಡ ಕೊಟ್ಟದ್ದನ್ನ ವಾಪಸ್ಸು ಕೊಡು. ಆ ಗಾಡಿ ಯಾರಿಗೆ ಬೇಕಾದ್ರೂ ಮಾರ್ಕೋ."

"ಕೋಪದಲ್ಲಿ ಕೊಯ್ಕೊಂಡ ಮೂಗು ಆಮೇಲೆ ಬರಲ್ಲ ಪುಟ್ಟಿ."

"ಮೂಗು ನಂದು. ನಾನೇ ಕೊಯ್ಕೋತೀನಿ" ಎಂದು ಬಾಗಿಲು ಎಳೆದ ರಭಸಕ್ಕೆ ಇಡೀ ಗಾಜಿನ ಗೋಡೆ ನಡುಗಿತು.

ಅವತ್ತು ಲ್ಯಾಬಿನಲ್ಲಿ ಮೇಣದ ವಸಡಿನ ಮೇಲೆ ಕೂರಿಸಿದ ಹಲ್ಲುಗಳೆಲ್ಲ ಒಂದು ಕಡೆಗೆ ವಾಲಿದವು. ಎಲ್ಲ ಕಿತ್ತು, ಮೇಣ ಕರಗಿಸಿ, ಮತ್ತೆ ಮೊದಲಿನಿಂದ ಶುರುಮಾಡಿದಳು. ಸಂಜೆ ಮನೆಗೆ ಹೋದಾಗ ಗಂಡ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ. ಅಣ್ಣನ ಫೋನು ಬಂದಿರಬೇಕು. ಕಣ್ಣೆತ್ತಿ ನೋಡುವ ಧೈರ್ಯ ಅವನಿಗಿರಲಿಲ್ಲ.

"ರೀ, ನಾನೇನು ನಿಮ್ಮ ಡ್ರಿಲ್ ಕ್ಲಾಸಿನ ಮಗುವಾ? ಮಾರೋದೇ ಅಲ್ಲದ ಬೆಳ್ಳಿ ಗಾಡಿ ನಿಲ್ಲಿಸಿ, ಎಡಕ್ಕೆ ತಿರುಗು, ಬಲಕ್ಕೆ ತಿರುಗು ಅಂತ ಆಡಿಸೋಕೆ?"

"ಜಗಳ ಬೇಡ ಅಂತ..."

"ಈಗ ಬೇರೇನಾಗ್ತಿದೆ?"

ಅವನು ಚಾಕು ಕೆಳಗಿಟ್ಟ. ಅವಳು ಎಣಿಸಿರದ ಮಾತೊಂದನ್ನು ಆಡಿದ. "ನಿನ್ನ ಜೊತೆ ವಾದ ಮಾಡಿ ಈ ಮನೇಲಿ ಯಾರಾದ್ರೂ ಗೆದ್ದಿದ್ದಾರಾ ಹೇಳು. ನನಗೆ ಕಂದು ಗಾಡಿ ಇಷ್ಟ ಆಯ್ತು. ಇಷ್ಟ ಅಂತ ಹೇಳಿದ್ರೆ ನೀನು ಹತ್ತು ಪ್ರಶ್ನೆ ಕೇಳ್ತೀಯ. ಮೂರನೇ ಪ್ರಶ್ನೆಗೇ ನನ್ನ ನಾಲಿಗೆ ಒಣಗುತ್ತೆ. ಭಯ ನನಗೆ. ನಿನ್ನಣ್ಣ ದಾರಿ ಹೇಳಿಕೊಟ್ಟ, ಹಿಡಿದೆ."

ಆ ಮಾತು ಅವಳಿಗೆ ತಟ್ಟಿತು. ತಟ್ಟಿದ್ದಕ್ಕೇ ಸಿಟ್ಟು ಇಮ್ಮಡಿಯಾಯಿತು. "ಭಯ ಆದ್ರೆ ಭಯ ಅಂತ ಹೇಳಿ. ಬೇಕಿದ್ರೆ ಸೀಟಿ ಊದಿ ಹೇಳಿ! ನನ್ನ ಬೆನ್ನ ಹಿಂದೆ ಹೋಗಿ ಅಣ್ಣನ ಜೊತೆ ಕೈ ಸೇರಿಸ್ತೀರಲ್ಲ, ಅವನ ಕೈ ತಪ್ಪಿಸ್ಕೊಂಡು ನಾನು ಬಂದದ್ದು ನಿಮ್ಮ ಹತ್ರಕ್ಕೆ..." ಅಳು ಬಂದುಬಿಡುತ್ತದೇನೋ ಎಂಬ ಹೆದರಿಕೆಗೆ ನಲ್ಲಿ ತಿರುಗಿಸಿ ಪಾತ್ರೆ ತೊಳೆಯತೊಡಗಿದಳು.

ಆಗ ಬಾಗಿಲಲ್ಲಿ ವಾಕರಿನ ಟಕಟಕ ಕೇಳಿಸಿತು. ಅತ್ತೆ ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ, ಮುಖ ಕೆಂಡವಾಗಿತ್ತು.

"ಏನೋ, ಆ ಬೆಳ್ಳಿ ಗಾಡಿ ಮಾರೋದೇ ಅಲ್ವಂತಾ?" ಎಂದು ಮಗನನ್ನು ಕೇಳಿದರು.

"ಅಮ್ಮಾ, ಅದು..."

"ಮಾರೋದಲ್ಲ ಅಂತ ನಿನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನ ಅದರೊಳಗೆ ಇಳಿಸಿದೆ, ಎತ್ತಿದೆ, ಮತ್ತೆ ಇಳಿಸಿದೆ. ನನ್ನ ಸೊಂಟ ಇಟ್ಕೊಂಡು ನಾಟಕ ಆಡಿದ್ರೇನೋ, ಇಬ್ಬರೂ ಸೇರಿ? ರೂಢಿ ಆಗ್ಲಿ ಅಂತ ನಾನು ಮಂಚದ ಪಕ್ಕ ತಗ್ಗು ಸ್ಟೂಲು ಹಾಕ್ಕೊಂಡು ದಿನಾ ಕೂತು ಎದ್ದು ಮಾಡ್ತಿದ್ದೆ, ಗೊತ್ತಾ ನಿನಗೆ?"

ಅದು ಮಗನಿಗೂ ಗೊತ್ತಿರಲಿಲ್ಲ, ಸೊಸೆಗೂ ಗೊತ್ತಿರಲಿಲ್ಲ. ಸೊಸೆ ನಲ್ಲಿ ನಿಲ್ಲಿಸಿದಳು.

ಮರುದಿನ ಅತ್ತೆ ಆಟೋ ತರಿಸಿಕೊಂಡು ಸೊಸೆಯ ಜೊತೆ ಅಂಗಡಿಗೆ ಹೊರಟರು. ಬೇಡವೆಂದರೂ ಕೇಳಲಿಲ್ಲ. ಗಾಡಿ ನೋಡಲು ಬಂದ ಎರಡು ಮೂರು ಸಂಸಾರಗಳು ಚಪ್ಪರದಡಿ ಓಡಾಡುತ್ತಿದ್ದವು. ಅತ್ತೆ ನೇರ ಕ್ಯಾಬಿನ್ನಿಗೆ ಹೋಗಿ, ವಾಕರನ್ನು ಮೇಜಿನ ಮೇಲೇ ಇಟ್ಟು ಕೂತರು.

"ಏನಪ್ಪಾ, ಆ ಡಾಕ್ಟರಮ್ಮನಿಗೆ ಫೋನ್ ಹಚ್ಚು."

"ಅಮ್ಮಾ, ಯಾಕಮ್ಮಾ ಸಣ್ಣ ವಿಷಯಾನ..."

"ಅವರ ಗಾಡೀಲಿ ನಾನು ಊರೆಲ್ಲ ತಿರುಗಿದ್ದೀನಿ. ಕೇಳದೆ ತಿರುಗಿದ್ದೀನಿ. ಹೇಳೋದು ಬೇಡ್ವಾ? ನೀನು ಹಚ್ಚಲ್ಲ ಅಂದ್ರೆ ಹೊರಗೆ ನಿಂತಿರೋ ಗಿರಾಕಿಗಳನ್ನ ಕೇಳ್ತೀನಿ, ಯಾರಾದ್ರೂ ನಂಬರ್ ಹುಡುಕಿಕೊಡ್ತಾರೆ."

ಅತ್ತೆಯ ದನಿ ಚಪ್ಪರದ ಕೊನೆಯವರೆಗೂ ಕೇಳುವಂತಿತ್ತು. ಗಿರಾಕಿಗಳು ತಿರುಗಿ ನೋಡಿದರು. ಅಣ್ಣ ಫೋನ್ ಹಚ್ಚಿದ. ಅತ್ತೆ ಸ್ಪೀಕರ್ ಹಾಕಿಸಿದರು. ಅಣ್ಣ ಮೊದಲು ಬೆಣ್ಣೆ ಹಚ್ಚಿ ಏನೇನೋ ಹೇಳಿದ. ಡಾಕ್ಟರಮ್ಮ ನಡುವೆಯೇ ತಡೆದು, "ಓಡಿಸಿದ್ರಾ? ಯಾರು? ಎಷ್ಟು ಸಲ? ನಿಮ್ಮ ನಾಟಕಕ್ಕೆ ನನ್ನ ಗಾಡಿ ವೇಷ ಹಾಕ್ಬೇಕಿತ್ತಾ?" ಎಂದು ಶುರುಮಾಡಿದರು. ಅಣ್ಣ ಎದ್ದು ನಿಂತ. ಎದ್ದು ನಿಂತೇ ಕೇಳಿಸಿಕೊಂಡ. ಹಣೆಯ ಬೆವರು ಒರೆಸಿಕೊಳ್ಳಲು ಕರವಸ್ತ್ರ ಹುಡುಕಿ, ಸಿಗದೆ ತೋಳಿಗೇ ಒರೆಸಿಕೊಂಡ. ಅವತ್ತು ಸಂಜೆಯೇ ಡಾಕ್ಟರಮ್ಮನ ತಮ್ಮ ಬಂದು ಬೆಳ್ಳಿ ಗಾಡಿಯನ್ನು ಒಯ್ದನಂತೆ.

ಅವಳು ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಅಣ್ಣನ ತಗ್ಗಿದ ತಲೆ ನೋಡಿ ಖುಷಿಯಾಗುತ್ತದೆಂದು ಕಾದಳು. ಅಂಥ ಖುಷಿಯೇನೂ ಆಗಲಿಲ್ಲ. ಸಿಟ್ಟು ಮಾತ್ರ ಹಾಗೇ ಇತ್ತು, ಒಲೆ ಆರಿಸಿದ ಮೇಲೂ ಬಿಸಿಯಾಗಿಯೇ ಉಳಿವ ಕಾವಲಿಯ ಹಾಗೆ.

ಮುಂಗಡ ವಾಪಸ್ಸು ಬಂತು. ಕಂದು ಗಾಡಿ ಕೆಲವೇ ದಿನಗಳಲ್ಲಿ ಬೇರೆಯವರ ಪಾಲಾಯಿತು. ಒಂದು ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ ಅದು ಅವಳ ಮುಂದೆಯೇ ಹಾದುಹೋಯಿತು. ಹಿಂದಿನ ಸೀಟಿನಲ್ಲಿ ಯಾರೋ ಅಜ್ಜ ಆರಾಮವಾಗಿ ಕೂತಿದ್ದ. ಅದು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಕತ್ತು ಚಾಚಿ ನೋಡಿದಳು. ಕೊಯ್ದ ಮೂಗು ಉರಿಯುವುದಿಲ್ಲ ಎಂದು ಅವಳೇನೂ ಹೇಳಿರಲಿಲ್ಲವಲ್ಲ.

ಆಮೇಲೆ ಬೇರೆ ಬೇರೆ ಕಡೆ ಹುಡುಕಿದರು. ಸಂಗೀತದ ಮೇಷ್ಟ್ರೊಬ್ಬರು ತಮ್ಮ ಹಸಿರು ಪೆಟ್ರೋಲ್ ಕಾರು ಮಾರುತ್ತಾರೆಂದು ತಿಳಿದು, ಮೂವರೂ ಅವರ ಮನೆಗೆ ಹೋದರು. ಗಾಡಿ ಗಟ್ಟಿಯಾಗಿತ್ತು, ಎತ್ತರವೂ ಇತ್ತು. ಎಡಗಡೆಯ ಒಂದು ಕಿಟಕಿ ಮಾತ್ರ ಕೆಳಗಿಳಿಯುತ್ತಿರಲಿಲ್ಲ. ಅವಳು ಓಡಿಸಿ ಬಂದು, "ಪರವಾಗಿಲ್ಲ, ಚೆನ್ನಾಗಿದೆ" ಎಂದಳು.

ಗಂಡ ಗಂಟಲು ಸರಿಮಾಡಿಕೊಂಡ. "ನನಗೆ ಇಷ್ಟ ಆಗ್ಲಿಲ್ಲ" ಎಂದ.

ಅವಳು ತಿರುಗಿ ನೋಡಿದಳು. "ಯಾಕೆ?"

"ಬ್ರೇಕು ಮೆತ್ತಗಿದೆ. ಕಿಟಕಿ ಇಳಿಯಲ್ಲ. ಮತ್ತೆ... ಬಣ್ಣ. ಮಿಡತೆ ಬಣ್ಣ ಅದು. ಶಾಲೆ ಗೇಟಿನ ಹತ್ರ ಇದರಿಂದ ಇಳಿದ್ರೆ ಮಕ್ಕಳು ನನಗೆ ಹೆಸರಿಡ್ತಾರೆ."

"ಬ್ರೇಕು ರಿಪೇರಿ ಮಾಡಿಸ್ಬಹುದು. ಬಣ್ಣಾನ ನೀವು ಹೊರಗೆ ನಿಂತು ನೋಡ್ತಿರ್ತೀರಾ, ಒಳಗೆ ಕೂತು ಓಡಿಸ್ತೀರಾ?"

"ಇದೇ! ನೀನು ಹೀಗೇ ಪ್ರಶ್ನೆ ಹಾಕೋದು. ಆದ್ರೂ ಹೇಳ್ತೀನಿ, ಇಷ್ಟ ಇಲ್ಲ ಅಂದ್ರೆ ಇಲ್ಲ!" ಅವನ ದನಿ ಮೊದಲು ನಡುಗಿತು. ಆಮೇಲೆ ಮೈದಾನದಲ್ಲಿ ಕೇಳುವ ಆ ದನಿಯೇ ಬಂತು. ಎದುರು ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಬಗ್ಗಿ ನೋಡಿದರು. ಅವಳೂ ದನಿಯೇರಿಸಿದಳು. ಬ್ರೇಕಿನಿಂದ ಹೊರಟ ಜಗಳ ಬಣ್ಣಕ್ಕೆ ಬಂದು, ಬಣ್ಣದಿಂದ ಅಣ್ಣನಿಗೆ ಹೋಗಿ, ಅಣ್ಣನಿಂದ ಮದುವೆಯಾದ ಹೊಸದರ ಮಾತುಗಳಿಗೆ ಹೋಗಿ, ಮತ್ತೆ ಬ್ರೇಕಿಗೆ ಬಂತು. ಸಂಗೀತದ ಮೇಷ್ಟ್ರು, "ನಾನು ಒಳಗಿರ್ತೀನಿ" ಎಂದು ಮೆಲ್ಲಗೆ ಜಾರಿಕೊಂಡರು. ನಡುಬೀದಿಯಲ್ಲಿ, ಬಿಸಿಲಲ್ಲಿ ನಿಂತು, ಗಂಡ ಹೆಂಡತಿ ಇಷ್ಟು ವರ್ಷಗಳಲ್ಲಿ ಮೊದಲ ಸಲ ಎದುರುಬದುರು ಮನಸಾರೆ ಜಗಳವಾಡಿದರು. ಅವನು ಮೂರನೇ ಪ್ರಶ್ನೆಗೆ ಸುಸ್ತಾಗಲಿಲ್ಲ. ಏಳನೆಯದಕ್ಕೂ ಉತ್ತರ ಕೊಟ್ಟ.

ಜಗಳ ಮುಗಿಯದಿದ್ದರೂ ವ್ಯಾಪಾರ ಮುಗಿಯಿತು. ಅತ್ತೆ ಆ ಹೊತ್ತಿಗೆ ಯಾರ ಆಸರೆಯೂ ಇಲ್ಲದೆ ಹಿಂದಿನ ಸೀಟಿಗೆ ಹತ್ತಿ, ಬಾಗಿಲು ಹಾಕಿಕೊಂಡು ಕೂತಿದ್ದರು. ಕರೆದರೆ, "ನಿಮ್ಮದು ಮುಗಿದ ಮೇಲೆ ಹೇಳಿ. ನಾನಿನ್ನು ಇಳಿಯಲ್ಲ" ಎಂದರು. ಬ್ರೇಕು ಸರಿಮಾಡಿಸಿಕೊಡಬೇಕು ಎಂಬ ಗಂಡನ ಮಾತನ್ನು ಸಂಗೀತದ ಮೇಷ್ಟ್ರು ಚಕಾರವೆತ್ತದೆ ಒಪ್ಪಿದರು. ಅವರಿಗೆ ಈ ಸಂಸಾರ ತಮ್ಮ ಗೇಟಿನಿಂದ ಹೊರಟರೆ ಸಾಕಾಗಿತ್ತು.

ಅಣ್ಣ ತಂಗಿಯ ನಡುವೆ ಬಹಳ ದಿನ ಮಾತಿರಲಿಲ್ಲ. ಹಸಿರು ಗಾಡಿಯ ಸ್ಟೆಪ್ನಿ ಟೈರು ಸವೆದು ಬೋಳಾಗಿದೆ ಎಂಬುದು ಅವನಿಗೆ ಹೇಗೋ ಗೊತ್ತಾಯಿತು. ಒಂದು ದಿನ ಅವನ ಕೆಲಸಗಾರ ಒಳ್ಳೆಯ ಟೈರೊಂದನ್ನು ಉರುಳಿಸಿಕೊಂಡು ಬಂದು ಬಾಗಿಲಲ್ಲಿ ನಿಂತ. "ಯಜಮಾನ್ರು ಕಳಿಸಿದ್ದಾರೆ." ಅವಳು ಅದನ್ನು ಹಾಗೇ ತಿರುಗಿಸಿ ಕಳಿಸಿದಳು. "ನಾನು ಕೇಳಿರಲಿಲ್ಲ ಅಂತ ಹೇಳು."

ಮತ್ತಷ್ಟು ದಿನ ಕಳೆದವು. ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಾಗ ಫೋನು ಬಂತು. ಅಣ್ಣ. ಎತ್ತಿದಳು.

"ಒಂದು ಸ್ಟೆಪ್ನಿ ಟೈರಿದೆ ನನ್ನ ಹತ್ರ. ಬೇಕಾ ನಿನಗೆ?"

"ಬೇಡ" ಎಂದಳು.

ಮುಂದೆ ಬರುವ ಮಾತುಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ಯಾಕೆ ಬೇಡ, ನಿನ್ನ ಒಳ್ಳೇದಕ್ಕೇ ಹೇಳೋದು, ಸುಮ್ಮನೆ ತಗೋ. ಎದುರಿಸಲು ಬೆನ್ನು ನೆಟ್ಟಗೆ ಮಾಡಿ ಕೂತಳು.

"ಸರಿ" ಎಂದ ಅಣ್ಣ. "ಹಾಗಾದ್ರೆ ಇಡ್ತೀನಿ."

ಫೋನು ನಿಂತಿತು. ನೆಟ್ಟಗೆ ಮಾಡಿದ ಬೆನ್ನನ್ನು ಸಡಿಲಿಸಿ ಅವಳು ಮತ್ತೆ ಅರ ಕೈಗೆತ್ತಿಕೊಂಡಳು. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಟೈರಿನ ಅಂಗಡಿಯ ಮುಂದೆ ಹಸಿರು ಗಾಡಿ ನಿಲ್ಲಿಸಿ ಇಳಿದಳು.